ಮನೆ ಮೂರನೇ ಮಹಡಿಯಲ್ಲಿ, ಗಾಡಿ ಎಲ್ಲಿ?

ಇವತ್ತು ಸಾಲ ವಸೂಲಿಗೆಂದು ಹೋದವಳು ಬಾಯಿ ಮುಚ್ಚಿಕೊಂಡು ವಾಪಸು ಬಂದೆ. ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬರು ನಮ್ಮ ಬ್ಯಾಂಕಿಗೆ ಕಟ್ಟುವ ಕಂತು ನಿಂತುಹೋಗಿತ್ತು. ಬೀದಿ ವ್ಯಾಪಾರಿಗಳಿಗೆ ಸಾಲ ಕೊಡಿಸುವ ಪಿಎಂ ಸ್ವನಿಧಿ ಯೋಜನೆಯಲ್ಲಿ ಅವರಿಗೆ ಮೊದಲ 10,000 ರೂಪಾಯಿ ಕೊಟ್ಟಾಗ ಅರ್ಜಿ ನೋಡಿದವಳು ನಾನೇ. ಆಗ ಅವರದು ಶೀಟಿನ ಮನೆ. ಈಗ ಅದೇ ಜಾಗದಲ್ಲಿ ಸರ್ಕಾರ ಕಟ್ಟಿಸಿದ ಜಿ ಪ್ಲಸ್ ತ್ರೀ (ನೆಲಮಹಡಿ, ಅದರ ಮೇಲೆ ಮೂರು) ಕಟ್ಟಡದ ಮೂರನೇ ಮಹಡಿ. ಟೈಲ್ಸ್ ಇದೆ, ಮನೆಯೊಳಗೇ ಶೌಚಾಲಯ ಇದೆ. ಗಾಡಿ ನಿಲ್ಲಿಸಲು ಮಾತ್ರ ಜಾಗವಿಲ್ಲ.

ಮೆಟ್ಟಿಲ ಕೆಳಗೆ ಸರಪಳಿ ಹಾಕಿ ಕಟ್ಟಿದ್ದ ಗಾಡಿಯ ಎರಡು ಚಕ್ರಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಮೇಲಿನ ಗೋಡೆಯಲ್ಲಿ ಕೆಂಪು ಅಕ್ಷರ: ‘ಇಲ್ಲಿ ತಳ್ಳುಗಾಡಿ ನಿಲ್ಲಿಸಬಾರದು.’ ಎದುರಿಗೇ ಉದ್ಘಾಟನೆಯ ಗ್ರಾನೈಟ್ ಫಲಕ, ಅದಕ್ಕೊಂದು ಕಟ್ಟೆ, ಕಟ್ಟೆಗೆ ಸ್ಟೀಲ್ ಕಂಬಿ. ಅಷ್ಟು ಜಾಗದಲ್ಲಿ ಎರಡು ಗಾಡಿ ಆರಾಮಾಗಿ ನಿಲ್ಲುತ್ತಿದ್ದವು.

"ಮೊದಲು ಉಳಿದ ಸೊಪ್ಪಿಗೆ ಒದ್ದೆ ಗೋಣಿ ಹೊದಿಸಿ ಬಾಗಿಲಲ್ಲೇ ಬಿಡುತ್ತಿದ್ದೆ ಮೇಡಂ. ಈಗ ಹೊತ್ತು ಹತ್ತಬೇಕು, ಹೊತ್ತು ಇಳಿಯಬೇಕು" ಎಂದರು. ಗಾಡಿ ಹೋಗಿ ಬುಟ್ಟಿ ಬಂದಿದೆ. ದಂಟು, ಮೆಂತ್ಯ, ಸಬ್ಬಸಿಗೆ ಅಂತ ಒಂದು ಬುಟ್ಟಿಯಲ್ಲಿ ಎಷ್ಟು ಹಿಡಿಸುತ್ತದೆ? ನಾನೇನು ಕಂತು ಕೇಳಲಿ?

ಒಂದು ಇಲಾಖೆ ಗಾಡಿ ನಡೆಸಲು ಸಾಲ ಕೊಡಿಸುತ್ತದೆ, ಇನ್ನೊಂದು ಗಾಡಿಗೆ ನೆಲವೇ ಇಲ್ಲದ ಮನೆ ಕೊಡುತ್ತದೆ. ಇಬ್ಬರ ಕಡತದಲ್ಲೂ ಅವರು ‘ಫಲಾನುಭವಿ’! ಬೀದಿ ವ್ಯಾಪಾರಿಗಳ ಜೀವನೋಪಾಯ ಕಾಪಾಡುವ ಕಾನೂನು 2014ರಲ್ಲಿ ಬಂತು. ಎಲ್ಲರಿಗೂ ಮನೆ ಎಂಬ ಪ್ರಧಾನಮಂತ್ರಿ ಆವಾಸ್ ಯೋಜನೆ 2015ರಲ್ಲಿ ಬಂತು. ಆಗ ಅದರಲ್ಲಿ ಬಡವರ ಮನೆಗೆ 30 ಚದರ ಮೀಟರ್‌ವರೆಗಿನ ಕಾರ್ಪೆಟ್ ಏರಿಯಾ, ಅಂದರೆ ಗೋಡೆ ಬಿಟ್ಟು ಒಳಗಿನ ನೆಲ, ಎಂದಿತ್ತು. ಉಣ್ಣಲು, ಮಲಗಲು, ಮೀಯಲು ಅಷ್ಟು ಸಾಕು ಎಂದೇ ಇಟ್ಟುಕೊಳ್ಳಿ. ಇಸ್ತ್ರಿ ಮೇಜು ಎಲ್ಲಿಡಬೇಕು? ಹೂ ಕಟ್ಟುವವರು, ಊದುಬತ್ತಿ ಹೊಸೆಯುವವರು ಎಲ್ಲಿ ಕೂರಬೇಕು? 2011ರ ಜನಗಣತಿಯ ಪ್ರಕಾರ ರಾಜ್ಯದ ಕೊಳಚೆ ಪ್ರದೇಶಗಳಲ್ಲಿದ್ದವರು ಸುಮಾರು 33 ಲಕ್ಷ. ಅವರಲ್ಲಿ ಎಷ್ಟು ಮಂದಿಗೆ ಮನೆಯ ಹೊಸ್ತಿಲೇ ಅಂಗಡಿ ಎಂದು ನಕ್ಷೆ ಬರೆಯುವ ಮೊದಲು ಒಂದು ಮಾತು ಕೇಳಬಾರದೇ?

"ಇವರಿಗೆ ಮನೆ ಕೊಟ್ಟರೆ ಬಾಡಿಗೆಗೆ ಬಿಟ್ಟು ಮತ್ತೆ ಶೆಡ್ಡಿಗೇ ಹೋಗುತ್ತಾರೆ" ಎಂದು ನಮ್ಮ ಶಾಖೆಯಲ್ಲೇ ಒಬ್ಬರು ರಾಗ ಎಳೆದರು. ಹೋಗುತ್ತಾರೆ ಸ್ವಾಮಿ, ಯಾಕೆ ಹೋಗುತ್ತಾರೆಂದು ಕೇಳಿದ್ದೀರಾ? ಬೆಂಗಳೂರಿನ ಈಜಿಪುರ ನೆನಪಿದೆಯೇ? ಬಡವರಿಗೆಂದೇ ಕಟ್ಟಿದ ವಸತಿ ಗೃಹಗಳು ಕುಸಿದವು, ಅಲ್ಲೇ ಶೆಡ್ ಹಾಕಿಕೊಂಡವರನ್ನು 2013ರ ಜನವರಿಯಲ್ಲಿ ಎಬ್ಬಿಸಿದರು. ಹಲವರ ಪಾಲಿಗೆ ಬಂದದ್ದು ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆ. ಈಜಿಪುರದ ಪಕ್ಕದ ಕೋರಮಂಗಲದ ಮನೆಗಳಲ್ಲಿ ಮುಸುರೆ ತಿಕ್ಕುವವರು ಅಲ್ಲಿಂದ ಬೆಳಗಿನ ಆರು ಗಂಟೆಗೆ ಹೇಗೆ ಬರಬೇಕು? ಕೆಲಸ ಹತ್ತಿರವಿರುವುದರಿಂದಲೇ ಬಡವರು ಪಾದಚಾರಿ ಮಾರ್ಗದಲ್ಲಿ ಬದುಕುತ್ತಾರೆ ಎಂಬುದನ್ನು ಸುಪ್ರೀಂ ಕೋರ್ಟ್ ಮುಂಬೈಯ ಪ್ರಕರಣದಲ್ಲಿ 1985ರಲ್ಲೇ ಒಪ್ಪಿತ್ತು, ಜೀವನೋಪಾಯವೂ ಬದುಕುವ ಹಕ್ಕಿನ ಭಾಗ ಎಂದಿತ್ತು. ನಮ್ಮ ನಕ್ಷೆಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಪಕ್ಕಾ ಮನೆ ಬೇಡ ಎಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಶೀಟಿನ ಮನೆಯೊಳಗೆ ಮೊಣಕಾಲುದ್ದ ನೀರು ನಿಂತದ್ದನ್ನು ನೋಡಿದವಳು ನಾನು. ಮನೆಯ ಜೊತೆ ಹೊಟ್ಟೆಪಾಡಿಗೂ ನಾಲ್ಕಡಿ ನೆಲ ಬಿಡಿ ಎನ್ನುತ್ತಿದ್ದೇನೆ. (ಇಷ್ಟೆಲ್ಲ ಹಾರಾಡುವ ನಾನು ಸೊಪ್ಪು ತರಿಸುವುದು ಮೊಬೈಲಿನಲ್ಲಿ. ನನ್ನ ಅಕ್ಕ ಕಾಮೆಂಟಿನಲ್ಲಿ ಇದನ್ನು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.)

ನಾವಿರುವಂಥ ಅಪಾರ್ಟ್‌ಮೆಂಟ್ ಕಟ್ಟುವಾಗ ಕಾರು ನಿಲ್ಲಿಸಲು ಜಾಗ ತೋರಿಸದಿದ್ದರೆ ನಕ್ಷೆಗೆ ಮಂಜೂರಾತಿಯೇ ಸಿಗುವುದಿಲ್ಲ. ನನ್ನ ಕಾರು ವಾರವೆಲ್ಲ ದೂಳು ತಿನ್ನುತ್ತಾ ನಿಂತಿರುತ್ತದೆ, ಒಂದು ಪೈಸೆ ದುಡಿಯುವುದಿಲ್ಲ, ಅದಕ್ಕೆ ನೆಲಮಹಡಿಯಲ್ಲಿ ನಂಬರ್ ಬರೆದ ಜಾಗ. ಬಡವರ ಕಟ್ಟಡದಲ್ಲೂ ಕಂಬಗಳ ಮೇಲೆ ಮನೆ ಎತ್ತಿ ಕೆಳಗಡೆ ಗಾಡಿಗಳಿಗೆ ಬಿಟ್ಟರೆ ಏನು ಗಂಟು ಹೋಗುತ್ತದೆ? ಇಂಥ ನಕ್ಷೆ ಬರೆಯುವ ಎಂಜಿನಿಯರುಗಳು ನನ್ನ ಗೆಳೆಯರ ಪಟ್ಟಿಯಲ್ಲೇ ಇದ್ದೀರಿ, ಉತ್ತರ ಕೊಡಿ. ಅನುದಾನ ಇರಲಿಲ್ಲ ಎಂದು ಮಾತ್ರ ಹೇಳಬೇಡಿ. ಗ್ರಾನೈಟಿಗೆ ಇತ್ತು.