ಎರಡನೇ ಸೌಟಿನ ಸಾಂಬಾರು

ಬೆಂಗಳೂರಿನ ಒಂದು ದರ್ಶಿನಿಯಲ್ಲಿ ಇಡ್ಲಿ ಕೊಡುವ ಕಟ್ಟೆಯ ಗಾಜಿಗೆ ಚೀಟಿ ಅಂಟಿಸಿದ್ದಾರೆ: ‘ಎಕ್ಸ್‌ಟ್ರಾ ಸಾಂಬಾರ್‌ಗೆ ಬೇರೆ ಟೋಕನ್’. ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಊರಲ್ಲಿ ಇಳಿದ ಹೊರನಾಡ ಕನ್ನಡಿಗನಿಗೆ ಆ ನಾಲ್ಕು ಪದ ಚುರುಕ್ಕೆನ್ನುತ್ತವೆ. ದುಡ್ಡಿನ ಮಾತಲ್ಲ ಇದು. ತಟ್ಟೆಯಲ್ಲಿ ಇನ್ನೂ ಒಂದೂವರೆ ಇಡ್ಲಿ ಉಳಿದಿದೆ, ಸಾಂಬಾರು ಮುಗಿದಿದೆ. ಅಂಥ ಹೊತ್ತಿನಲ್ಲಿ ತಿನ್ನುವವನನ್ನು ಎಂಜಲು ಕೈಯಲ್ಲಿ ಮತ್ತೆ ಕ್ಯಾಷ್ ಕೌಂಟರಿನ ಸಾಲಿಗೆ ಅಟ್ಟುವುದು ಯಾವ ಸೀಮೆಯ ಮರ್ಯಾದೆ?

ನಾನು ಇರುವುದು ಚೆನ್ನೈನಲ್ಲಿ. ಇಲ್ಲಿನ ಸೆಕೆ, ಉಪ್ಪುನೀರು, ಆಟೊದವರ ಬಾಡಿಗೆ, ಯಾವುದರ ಬಗ್ಗೆ ಬೇಕಾದರೂ ದೂರು ಹೇಳಬಹುದು. ಆದರೆ ಎರಡನೇ ಸೌಟಿನ ವಿಷಯಕ್ಕೆ ಬಂದರೆ ಈ ಊರಿನ ಕೈ ನಮ್ಮೂರಿನ ಕೈಗಿಂತ ದೊಡ್ಡದು.

ಮೈಲಾಪುರದಲ್ಲಾಗಲಿ ಟಿ. ನಗರದಲ್ಲಾಗಲಿ, ಬೆಳಿಗ್ಗೆ ಎಂಟರ ಹೊತ್ತಿಗೆ ಯಾವುದಾದರೂ ಮಧ್ಯಮ ದರ್ಜೆಯ ಸಸ್ಯಾಹಾರಿ ಹೋಟೆಲಿಗೆ ಹೋಗಿ ಕುಳಿತು ನೋಡಿ. ಮೊದಲು ಸ್ಟೀಲ್ ಲೋಟದಲ್ಲಿ ನೀರು ಬರುತ್ತದೆ. ಆಮೇಲೆ ದುಂಡಗೆ ಕತ್ತರಿಸಿದ ಬಾಳೆಲೆ ಹಾಸಿದ ತಟ್ಟೆ, ಅದರ ಮೇಲೆ ಎರಡು ಇಡ್ಲಿ, ಒಂದು ವಡೆ. ಇಲ್ಲಿಯವರೆಗೆ ಎಲ್ಲ ಊರಿನ ಹಾಗೆಯೇ. ನೋಡಬೇಕಾದದ್ದು ಇದರ ಮುಂದಿನದು. ತಟ್ಟೆ ಇಟ್ಟವನು ಹೋದ ಮೇಲೆ ಇನ್ನೊಬ್ಬ ಬರುತ್ತಾನೆ. ಅವನ ಒಂದು ಕೈಯಲ್ಲಿ ಹಿಡಿಕೆಯಿರುವ ಸಾಂಬಾರಿನ ಪಾತ್ರೆ, ಇನ್ನೊಂದರಲ್ಲಿ ಮೂರು ನಾಲ್ಕು ಬಟ್ಟಲು ಜೋಡಿಸಿದ ಚಟ್ನಿ ಸ್ಟ್ಯಾಂಡು. ಬಿಳಿ ತೆಂಗಿನಕಾಯಿ ಚಟ್ನಿ, ಕೆಂಪು ಕಾರ ಚಟ್ನಿ, ಹಸಿರು ಪುದೀನ. ಯಾರು ಏನು ಹೇಳಿದ್ದಾರೆ ಎಂದು ಅವನು ಕೇಳುವುದಿಲ್ಲ. ಬಿಲ್ಲಿಗೂ ಅವನಿಗೂ ಸಂಬಂಧವಿಲ್ಲ. ಸಾಲಿನಿಂದ ಸಾಲಿಗೆ ನಡೆಯುತ್ತಾ ತಟ್ಟೆಗಳನ್ನು ನೋಡುವುದೇ ಅವನ ಕೆಲಸ. ಇಡ್ಲಿಯ ಸುತ್ತ ಸಾಂಬಾರು ಇಂಗಿ ಎಲೆ ಕಾಣಲು ಶುರುವಾಯಿತೋ, ಪಕ್ಕದಲ್ಲಿ ನಿಂತು ‘ಸಾಂಬಾರ್?’ ಎನ್ನುತ್ತಾನೆ. ಉತ್ತರ ಬರುವ ಮೊದಲೇ ಸೌಟು ಬಗ್ಗಿರುತ್ತದೆ. ಬೇಡವಾದರೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು ‘ಪೋದುಂ’ ಎನ್ನಬೇಕು. ಇಲ್ಲಿ ಬಾಯಿ ಬಿಟ್ಟು ಹೇಳಬೇಕಾದದ್ದು ಸಾಕು ಎಂಬ ಮಾತನ್ನು. ನಮ್ಮಲ್ಲಿ ಬಾಯಿ ಬಿಟ್ಟು ಹೇಳಬೇಕಾದದ್ದು ಇನ್ನೊಂಚೂರು ಎಂಬ ಮಾತನ್ನು.

ತಿರುವಲ್ಲಿಕ್ಕೇಣಿಯ ರತ್ನಾ ಕೆಫೆಯಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 1948ರ ಹೋಟೆಲು. ಅಲ್ಲಿ ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸುತ್ತಾರೆ. ಅದ್ದುವುದಲ್ಲ, ಮುಳುಗಿಸುವುದು. ಜಗ್ಗಿನಿಂದ ಸುರಿಯುತ್ತಾರೆ, ಇಂಗಿದಂತೆ ಮತ್ತೆ ಸುರಿಯುತ್ತಾರೆ. ವಾಡಿಕೆಯ ಗಿರಾಕಿಗಳು ಚಮಚದಿಂದ ಇಡ್ಲಿಯನ್ನು ಒಡೆದು, ಸಾಂಬಾರು ಒಳಗಿಳಿಯಲು ಒಂದೆರಡು ನಿಮಿಷ ಬಿಟ್ಟು ತಿನ್ನುತ್ತಾರೆ.

ಹಾಗೆ ಮುಳುಗಿಸಿದರೂ ಇಡ್ಲಿ ಕರಗದಿರುವುದಕ್ಕೆ ಕಾರಣ ಅಕ್ಕಿಯಲ್ಲಿದೆ. ಇಲ್ಲಿನ ಇಡ್ಲಿಗೆ ಕುಸುಬಲಕ್ಕಿ. ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಎರಡನ್ನೂ ನೆನೆಸಿ ಬೇರೆ ಬೇರೆಯಾಗಿ ನುಣ್ಣಗೆ ರುಬ್ಬುತ್ತಾರೆ. ಬೆಂದ ಇಡ್ಲಿಯಲ್ಲಿ ಸಣ್ಣ ಸಣ್ಣ ತೂತು, ಹಿಂಡಿದರೆ ಮತ್ತೆ ಉಬ್ಬುತ್ತದೆ. ನಮ್ಮಲ್ಲಿ ಬಹಳ ಕಡೆ ಇಡ್ಲಿಗೆ ಅಕ್ಕಿ ತರಿ ಹಾಕುತ್ತಾರೆ. ಎರಡು, ಎರಡೂವರೆ ಪಾಲು ತರಿಗೆ ಒಂದು ಪಾಲು ಉದ್ದು. ಬಾಯಿಗೆ ತರಿತರಿಯಾಗಿ ಸಿಗುತ್ತದೆ, ಚಟ್ನಿಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಆದರೆ ಸಾಂಬಾರಿನಲ್ಲಿ ಐದು ನಿಮಿಷ ಬಿಟ್ಟರೆ ಅಂಚಿನಿಂದ ಉದುರತೊಡಗಿ ಕೊನೆಗೆ ತಳದಲ್ಲಿ ತರಿ ಗಂಜಿಯಾಗುತ್ತದೆ. ಆದ್ದರಿಂದಲೇ ನಮ್ಮಲ್ಲಿ ‘ಡಿಪ್’ ತೆಗೆದುಕೊಂಡವರು ತಟ್ಟೆ ಕೈಗೆ ಬಂದ ಕೂಡಲೇ ತಿನ್ನಬೇಕು, ಗೊತ್ತಿದ್ದವರು ‘ಸಾಂಬಾರ್ ಬೇರೆ ಕೊಡಿ’ ಎನ್ನುತ್ತಾರೆ.

ಸಾಂಬಾರಿನ ಗುಣವೂ ಬೇರೆ. ಚೆನ್ನೈನ ಟಿಫನ್ ಸಾಂಬಾರಿನಲ್ಲಿ ತೊಗರಿಯ ಜೊತೆ ಹೆಸರುಬೇಳೆ ಬೆರೆಸುವುದುಂಟು. ಚಿಕ್ಕ ಈರುಳ್ಳಿ, ಟೊಮೆಟೊ, ಇಂಗು. ತೆಂಗಿನಕಾಯಿ ಇಲ್ಲ, ಇದ್ದರೂ ಸ್ವಲ್ಪ. ತೆಳುವಾಗಿ ಹರಿಯುವುದರಿಂದ ಇಡ್ಲಿಯ ಒಳಕ್ಕೆ ಇಳಿಯುತ್ತದೆ. ನಮ್ಮದಕ್ಕೆ ಬ್ಯಾಡಗಿ, ಕೊತ್ತಂಬರಿ ಬೀಜ, ಚಕ್ಕೆ ಹಾಕಿ ಕಾಯಿ ಜೊತೆ ರುಬ್ಬಿದ ಮಸಾಲೆ, ಕೊನೆಗೆ ಬೆಲ್ಲ. ಮಂದವಾದ ಸಾಂಬಾರು ಇಡ್ಲಿಯ ಮೇಲೆ ಕೂರುತ್ತದೆ, ಒಳಗೆ ಹೋಗುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಇಟ್ಟಾಗ ರುಬ್ಬಿದ್ದೂ ಬೇಳೆಯೂ ತಳ ಸೇರುತ್ತವೆ. ಬಡಿಸುವವನು ತಳ ಕಲಕದೆ ಮೇಲಿಂದ ಮೇಲೆ ತೆಗೆದರೆ ಎಂಟು ಗಂಟೆಯವರಿಗೆ ತಿಳಿನೀರು, ಹನ್ನೊಂದು ಗಂಟೆಯವರಿಗೆ ಗಸಿ. ಮೊದಲ ಸೌಟು ತಿಳಿಯಾಗಿ ಬಿದ್ದವನಿಗೆ ಎರಡನೇ ಸೌಟು ಬೇಕೇ ಬೇಕು. ಆಗಲೇ ಚೀಟಿ ಕಣ್ಣಿಗೆ ಬೀಳುವುದು.

ಚೀಟಿ ಅಂಟಿಸದ ದರ್ಶಿನಿಯಲ್ಲೂ ಎರಡನೇ ಸೌಟಿಗೆ ಏನೇನು ಮಾಡಬೇಕು ಎಂದು ಒಮ್ಮೆ ಲೆಕ್ಕ ಹಾಕಿ. ಎದೆಮಟ್ಟದ ಕಲ್ಲು ಮೇಜು, ಸುತ್ತ ಮೂರು ನಾಲ್ಕು ಮಂದಿ. ತಟ್ಟೆ ಅಲ್ಲೇ ಬಿಟ್ಟುಹೋದರೆ ಒರೆಸುವವರು ಎತ್ತಿಕೊಂಡು ಹೋಗುತ್ತಾರೆ, ಹಾಗಾಗಿ ಹಿಡಿದುಕೊಂಡೇ ಹೋಗಬೇಕು. ಕಟ್ಟೆಯ ಮುಂದೆ ಟೋಕನ್ ಚಾಚಿ ನಿಂತವರ ನಡುವೆ ನುಸುಳಬೇಕು. ಒಳಗಿನ ಹುಡುಗನ ಕಣ್ಣು ಟೋಕನ್ ಮೇಲೆ, ತಟ್ಟೆಯ ಮೇಲಲ್ಲ. ಅವನ ತಪ್ಪೇನೂ ಇಲ್ಲ, ಅವನಿಗೆ ಹಾಗೆ ಕಲಿಸಿದ್ದಾರೆ. ಎರಡು ಸಲ ‘ಗುರು, ಸ್ವಲ್ಪ ಸಾಂಬಾರ್’ ಎಂದ ಮೇಲೆ ಅರ್ಧ ಸೌಟು ಬೀಳುತ್ತದೆ. ವಾಪಸು ಬರುವಷ್ಟರಲ್ಲಿ ಮೇಜಿನ ಜಾಗ ಹೋಗಿರುತ್ತದೆ. ಡಿಸೆಂಬರಿನ ಬೆಳಿಗ್ಗೆಯಾದರೆ ಇಡ್ಲಿಯೂ ಆರಿರುತ್ತದೆ. ಕೋಲು ಹಿಡಿದು ಬಂದ ಅಜ್ಜನ ಎರಡು ಕೈಗಳಲ್ಲಿ ಒಂದು ಕೋಲಿಗೆ, ಒಂದು ತಟ್ಟೆಗೆ. ಜನರನ್ನು ಸರಿಸಲು ಮೂರನೇ ಕೈ ಎಲ್ಲಿಂದ ತರಬೇಕು? ಮಗು ಎತ್ತಿಕೊಂಡ ತಾಯಿಯ ಪಾಡೂ ಅದೇ. ಅವರು ಎರಡನೇ ಸಲ ಹೋಗುವುದೇ ಇಲ್ಲ. ಉಳಿದ ಇಡ್ಲಿಯನ್ನು ಒಣಗಾಗಿ ನುಂಗಿ ಕಾಫಿಗೆ ಹೋಗುತ್ತಾರೆ. ಹೋಟೆಲಿನವರ ಲೆಕ್ಕದಲ್ಲಿ ಅದು ಉಳಿತಾಯ.

ಉಳಿತಾಯ ಎಷ್ಟು? ಒಂದು ಕೆ.ಜಿ. ಬೇಳೆಯಲ್ಲಿ ಹೋಟೆಲಿನ ಹದಕ್ಕೆ ಎಂಟೊಂಬತ್ತು ಲೀಟರ್ ಸಾಂಬಾರು ಆಗುತ್ತದೆ. ನೂರು ಎಂ.ಎಲ್. ಹಿಡಿಯುವ ಒಂದು ಸೌಟಿನಲ್ಲಿರುವ ಬೇಳೆ ಹನ್ನೊಂದು ಹನ್ನೆರಡು ಗ್ರಾಂ, ಮುಷ್ಟಿಯ ಕಾಲು ಭಾಗವೂ ಅಲ್ಲ. ಅದೇ ದರ್ಶಿನಿಗಳಲ್ಲಿ ‘ಸಾಂಬಾರ್ ಬೇರೆ’ ಎಂದವರಿಗೆ ಬಟ್ಟಲು ತುಂಬ ಕೊಡುತ್ತಾರೆ. ಆ ಬಟ್ಟಲುಗಳಲ್ಲಿ ಎಷ್ಟೋ ಅರ್ಧಂಬರ್ಧ ತೊಳೆಯುವ ತೊಟ್ಟಿಗೆ ಹೋಗುತ್ತವೆ. ಬೇಕಾದವರಿಗೆ ಬೇಕಾದಾಗ ಸ್ವಲ್ಪಸ್ವಲ್ಪವೇ ಹಾಕುವ ಪದ್ಧತಿಯಲ್ಲಿ ಚೆಲ್ಲುವುದು ಕಡಿಮೆ. ಚೆನ್ನೈನ ಹೋಟೆಲುಗಳ ತಟ್ಟೆ ಎತ್ತುವ ಟಬ್ಬುಗಳನ್ನು ನೋಡಿದರೆ ಗೊತ್ತಾಗುತ್ತದೆ, ಅದರಲ್ಲಿ ಎಲೆಗಳೇ ಹೆಚ್ಚು.

ಚಟ್ನಿಯ ಮಾತು ಬೇರೆ, ಅದರಲ್ಲಿ ಖರ್ಚಿದೆ. ತೆಂಗಿನಕಾಯಿ ಅಗ್ಗವಲ್ಲ. ಅದಕ್ಕೇ ನಮ್ಮ ಹೋಟೆಲುಗಳಲ್ಲಿ ಕಾಯಿಗಿಂತ ಹುರಿಗಡಲೆ ಮುಂದೆ. ಹುರಿಗಡಲೆ ನಿಂತಷ್ಟೂ ನೀರು ಕುಡಿದು ಗಟ್ಟಿಯಾಗುತ್ತದೆ, ಗಟ್ಟಿಯಾದಾಗ ನೀರು ಬೆರೆಸುತ್ತಾರೆ, ಉಪ್ಪು ಮಾತ್ರ ಮತ್ತೆ ಹಾಕುವುದಿಲ್ಲ. ಹತ್ತೂವರೆಯ ಚಟ್ನಿ ಸಪ್ಪೆಯಾಗುವುದು ಹೀಗೆ. ಇನ್ನು ಹಸಿ ಕಾಯಿ ಚಟ್ನಿ ಮೂರು ನಾಲ್ಕು ಗಂಟೆ ಹೊರಗಿದ್ದರೆ ಹುಳಿ ವಾಸನೆ ಬರುತ್ತದೆ, ಚೆನ್ನೈನ ಸೆಕೆಯಲ್ಲಿ ಇನ್ನೂ ಬೇಗ. ಇಲ್ಲಿಯವರು ಕಾಯಿ ಚಟ್ನಿಯನ್ನು ಸ್ವಲ್ಪಸ್ವಲ್ಪವೇ ರುಬ್ಬಿಕೊಂಡು, ಜೊತೆಗೆ ಈರುಳ್ಳಿ, ಟೊಮೆಟೊ, ಒಣಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ ಮಾಡಿದ ಕಾರ ಚಟ್ನಿಯನ್ನು ಧಾರಾಳವಾಗಿ ಇಟ್ಟುಕೊಂಡಿರುತ್ತಾರೆ. ಬಾಡಿಸಿದ್ದು ಬೇಗ ಕೆಡುವುದಿಲ್ಲ, ಕಾಯಿಯ ಖರ್ಚೂ ಇಲ್ಲ. ನಮ್ಮವರು ಇದನ್ನು ಕಲಿತರೆ ಎರಡನೇ ಸಲ ಚಟ್ನಿ ಕೇಳಿದವರನ್ನು ಕಂಡು ಮುಖ ಗಂಟಿಕ್ಕಬೇಕಾಗಿಲ್ಲ.

ಕಲಿತರೆ ಎನ್ನುವುದೂ ತಪ್ಪೇ. ಕುಳಿತವನ ಬಳಿಗೆ ಹೋಗಿ ಬಡಿಸುವುದನ್ನು ಈ ಊರಿಗೆ ಕಲಿಸಿದವರಲ್ಲಿ ನಮ್ಮವರೇ ಮುಂದಿನ ಸಾಲಿನಲ್ಲಿದ್ದರು. ಉಡುಪಿ ಸೀಮೆಯಿಂದ ಮದರಾಸಿಗೆ ಬಂದು, ಹೋಟೆಲು ಅಡುಗೆಮನೆಯಲ್ಲಿ ದುಡಿದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಕೆಥೀಡ್ರಲ್ ರಸ್ತೆಯಲ್ಲಿ 1962ರಲ್ಲಿ ಶುರುವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಗಿರಾಕಿ ಕಾರಿನಿಂದ ಇಳಿಯಬೇಕಾಗಿಯೂ ಇರಲಿಲ್ಲ, ತಿಂಡಿಯೇ ಕಿಟಕಿಯ ಬಳಿಗೆ ಬರುತ್ತಿತ್ತು. 2008ರಲ್ಲಿ ಅದು ಮುಚ್ಚಿತು, ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಹಳೆಯ ಚೆನ್ನೈ ಜನ ಇವತ್ತಿಗೂ ಅಲ್ಲಿನ ಸಪ್ಲಯರುಗಳನ್ನು ನೆನೆಯುತ್ತಾರೆ. ಉಡುಪಿಯ ಕೈ ಇಲ್ಲಿ ಉಳಿದು ಬೆಂಗಳೂರಿನಲ್ಲಿ ಬಿಗಿಯಾಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಬಿಗಿಯಾದದ್ದಕ್ಕೆ ಕಾರಣಗಳಿವೆ, ಅದನ್ನೂ ಹೇಳಬೇಕು. 1980ರ ದಶಕದಲ್ಲಿ ದರ್ಶಿನಿಗಳು ಬಂದಾಗ ಅವು ಮಾಡಿದ್ದು ಸಣ್ಣ ಕೆಲಸವಲ್ಲ. ಕುರ್ಚಿ ತೆಗೆದರು, ಸಪ್ಲಯರ್ ಸಂಬಳ ಉಳಿಸಿದರು, ಅಡುಗೆಮನೆಯ ಗೋಡೆ ಕೆಡವಿ ಭಟ್ಟರ ಕೈ ಗಿರಾಕಿಗೆ ಕಾಣುವಂತೆ ಮಾಡಿದರು. ಆಟೊ ಓಡಿಸುವವರೂ ಆಫೀಸರೂ ಒಂದೇ ಮೇಜಿಗೆ ಮೊಣಕೈ ಊರಿ, ಹತ್ತು ನಿಮಿಷದಲ್ಲಿ ಬಿಸಿಬಿಸಿ ತಿಂದು ಹೋಗುವಂತಾಯಿತು. ಚೆನ್ನೈನಲ್ಲಿ ಅದೇ ಇಡ್ಲಿಗೆ ಹೊರಗಿನ ಹಾಲ್‌ನಲ್ಲಿ ಒಂದು ದರ, ಎಸಿ ಹಾಲ್‌ನಲ್ಲಿ ಇನ್ನೊಂದು. ಭಾನುವಾರ ಒಂಬತ್ತಕ್ಕೆ ಹೋದರೆ ತಿನ್ನುತ್ತಿರುವವರ ಬೆನ್ನ ಹಿಂದೆ ನಿಂತು ಕಾಯಬೇಕು. ತಿಂದಾದ ಮೇಲೆ ಬಿಲ್ ಬರುವುದಕ್ಕೆ ಮತ್ತೊಂದಿಷ್ಟು ಹೊತ್ತು. ಬೈ ಟೂ ಕಾಫಿ ಎಂದರೆ ಮುಖ ನೋಡುತ್ತಾರೆ.

ಮಸಾಲೆ ದೋಸೆಯ ವಿಷಯದಲ್ಲಂತೂ ಚೆನ್ನೈ ಪರವಾಗಿ ವಾದಿಸಲು ನನಗೆ ಬಾಯಿ ಬರುವುದಿಲ್ಲ. ಊರಿನ ದೋಸೆ ಹಿಟ್ಟಿಗೆ ಮೂರು ಪಾಲು ಅಕ್ಕಿ, ಒಂದು ಪಾಲು ಉದ್ದು, ಒಂದು ಹಿಡಿ ಅವಲಕ್ಕಿ, ಬಣ್ಣಕ್ಕೆ ಸ್ವಲ್ಪ ಕಡಲೆಬೇಳೆ, ಚಮಚ ಮೆಂತ್ಯ. ಕಾದ ಕಾವಲಿಗೆ ನೀರು ಚಿಮುಕಿಸಿ, ಚುರ್ ಎಂದ ಕೂಡಲೇ ಕಡ್ಡಿ ಪೊರಕೆಯಲ್ಲಿ ಗುಡಿಸಿ, ಸಾಲಾಗಿ ಹತ್ತು ದೋಸೆ ಹುಯ್ಯುತ್ತಾರೆ. ನೀರು ಚಿಮುಕಿಸದಿದ್ದರೆ ಕಾವು ಹೆಚ್ಚಾಗಿ ಹಿಟ್ಟು ಹರಡುವ ಮೊದಲೇ ಹಿಡಿದುಕೊಳ್ಳುತ್ತದೆ. ಮೇಲೆ ಬೆಣ್ಣೆ, ಬ್ಯಾಡಗಿ ಬೆಳ್ಳುಳ್ಳಿಯ ಕೆಂಪು ಚಟ್ನಿ, ಆಲೂಗಡ್ಡೆ ಪಲ್ಯ. ಮಗುಚುವುದಿಲ್ಲ. ಕೆಳಗೆ ಗರಿ, ಒಳಗೆ ಮೆತ್ತಗೆ. ಇಲ್ಲಿನ ಮಸಾಲ್ ದೋಸೈ ಕಾಗದದಷ್ಟು ತೆಳು, ಒಳಗೆ ಕೆಂಪು ಚಟ್ನಿ ಇರುವುದಿಲ್ಲ. ಬಾಳೆಲೆಯ ಮೇಲೆ ಬಿದ್ದ ಬಿಸಿ ದೋಸೆಯ ಆವಿ ಅಡಿಯಲ್ಲೇ ನೀರಾಗುತ್ತದೆ, ಮೂರು ನಿಮಿಷದಲ್ಲಿ ತೊಗಲಿನಂತೆ ಎಳೆಯಬೇಕು. ನಾಲ್ಕು ಬಗೆಯ ಚಟ್ನಿ ಸುತ್ತ ಇಟ್ಟರೂ ಆ ಕೊರತೆ ತುಂಬುವುದಿಲ್ಲ.

ಕುರ್ಚಿಯಿಲ್ಲ, ಜಾಗವಿಲ್ಲ, ಆಳಿಲ್ಲ ಎಂಬ ದರ್ಶಿನಿಯವರ ಸಬೂಬನ್ನು ಮಾತ್ರ ಒಪ್ಪಲಾರೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ 1965ರಿಂದಲೂ ಜನ ನಿಂತೇ ತಿನ್ನುತ್ತಿದ್ದಾರೆ. ಅಂಗಡಿ ಚಿಕ್ಕದು, ಫುಟ್‌ಪಾತೇ ಹಾಲ್. ಅಲ್ಲಿ ಸಾಂಬಾರೇ ಇಲ್ಲ, ಇಡ್ಲಿಗೂ ವಡೆಗೂ ಚಟ್ನಿಯೊಂದೇ. ಆದರೆ ಆ ಚಟ್ನಿ ಹಾಕಲೆಂದೇ ಒಬ್ಬರು ಪಾತ್ರೆ ಸೌಟು ಹಿಡಿದು ನಿಂತಿರುತ್ತಾರೆ. ತಟ್ಟೆ ಮುಂದೆ ಚಾಚಿದರೆ ಸಾಕು, ಎರಡನೇ ಸಲವೋ ನಾಲ್ಕನೇ ಸಲವೋ ಎಂದು ಎಣಿಸದೆ ಹಾಕುತ್ತಾರೆ, ಇಡ್ಲಿ ಮುಚ್ಚುವಷ್ಟು.