ಜಾಗ ಚಿಕ್ಕದು ಅನ್ನೋದು ಬರೀ ನೆಪ

‘ಥಿಯೇಟರ್ ವೇದಿಕೆ ಚಿಕ್ಕದು, ಹಾಗಾಗಿ ಐಸ್ ಶೋಗಳಲ್ಲಿ ಸ್ಕೇಟಿಂಗ್ ಕಡಿಮೆಯಾಗಿ ಹಾಡು, ಮ್ಯಾಜಿಕ್ ಜಾಸ್ತಿಯಾಗುವುದು ಸಹಜ’ ಎಂದು ಐಸ್ ಶೋಗಳ (ಮಂಜುಗಡ್ಡೆ ಹಾಸಿದ ವೇದಿಕೆಯ ಮೇಲೆ ಸ್ಕೇಟಿಂಗ್ ಮಾಡುವ ಪ್ರದರ್ಶನಗಳ) ಬಗೆಗಿನ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಅರ್ಧ ನಿಜ ಅಷ್ಟೇ. ಒಲಿಂಪಿಕ್ಸ್ ರಿಂಕ್, ಅಂದರೆ ಸ್ಕೇಟಿಂಗ್ ಅಂಗಳ, 60 ಮೀಟರ್ ಉದ್ದ, 30 ಮೀಟರ್ ಅಗಲ ಇರುತ್ತದೆ. ಅಷ್ಟು ಓಟ ಸಿಗದೆ ಗಾಳಿಯಲ್ಲಿ ಮೂರು ಸುತ್ತು ತಿರುಗುವ ಟ್ರಿಪಲ್ ಜಂಪ್ ಕಷ್ಟ, ಒಪ್ಪಿದೆ. ಆದರೆ ಸ್ಪಿನ್‌ಗೆ ಎಷ್ಟು ಜಾಗ ಬೇಕು? ನಿಂತಲ್ಲೇ ತಿರುಗೋದು ಅಲ್ವಾ? ಸ್ಪರ್ಧೆಗಳಲ್ಲಿ 2024ರವರೆಗೂ ನಿಷೇಧವಿದ್ದ, ಹಿಂದಕ್ಕೆ ಪಲ್ಟಿ ಹೊಡೆಯುವ ಬ್ಯಾಕ್‌ಫ್ಲಿಪ್ಪನ್ನು ಜನ ಹೆಚ್ಚಾಗಿ ನೋಡುತ್ತಿದ್ದುದೇ ಇಂಥ ಶೋಗಳಲ್ಲಿ.

ಕಳೆದ ಡಿಸೆಂಬರ್‌ನಲ್ಲಿ ಇಲ್ಲಿ ಇಂಗ್ಲೆಂಡಿನಲ್ಲಿ, ಊರಿಂದ ಬಂದಿದ್ದ ಅಮ್ಮನನ್ನು ಒಂದು ಶೋಗೆ ಕರೆದುಕೊಂಡು ಹೋಗಿದ್ದೆ. ಐಸ್ ಮೇಲೆ ರಬ್ಬರ್ ಮ್ಯಾಟ್ ಹಾಸಿ, ಮಾಮೂಲಿ ಬೂಟು ಹಾಕಿದ ಜಾದೂಗಾರ ಇಪ್ಪತ್ತು ನಿಮಿಷ ಇಸ್ಪೀಟು ಕಲೆಸಿದ. ಹಿಂದಿನ ಸಾಲಿಗೆ ಎಲೆ ಕಾಣಬೇಕಲ್ಲ! ಒಬ್ಬ ಹುಡುಗಿ ಮಾತ್ರ ಸೊಗಸಾಗಿ ಸ್ಪಿನ್ ಮಾಡಿದಳು. ಅಷ್ಟರಲ್ಲಿ ಸುಮ್ನೆ ಹೊಗೆ ಬಿಟ್ಟು ಅವಳ ಕಾಲೇ ಕಾಣದಂತೆ ಮಾಡಿದರು. ಅಮ್ಮ ಸ್ವೆಟರ್ ಮೇಲೆ ಶಾಲು ಹೊದ್ದು, ‘ಚಳೀಲಿ ಕೂರಿಸಿ ಇಸ್ಪೀಟು ತೋರಿಸೋಕೆ ಇಷ್ಟು ದುಡ್ಡು ಕೊಟ್ಯಾ?’ ಅಂದರು. ಇಂಟರ್‌ವಲ್‌ನಲ್ಲೇ ಎದ್ದು ಬಂದೆವು.