ತಾನಾಗಿ ನುಡಿಯುವ ವೀಣೆ

ಕಥೆಗಳಲ್ಲಿ ಬರುವ ಮಂತ್ರಗಳ ಪೈಕಿ ನನಗೆ ಅತ್ಯಂತ ಸೋಮಾರಿ ಎನಿಸುವುದು ವಾದ್ಯಗಳು ತಾವಾಗಿಯೇ ನುಡಿಯುವಂತೆ ಮಾಡುವ ಮಂತ್ರ. ಮಾಂತ್ರಿಕನು ನಾಲ್ಕು ಅಕ್ಷರ ಉಚ್ಚರಿಸುವುದೇ ತಡ, ಮೂಲೆಯಲ್ಲಿ ಒರಗಿದ್ದ ವೀಣೆ ಝೇಂಕರಿಸುತ್ತದೆ, ಕೊಳಲು ಗಾಳಿಯಲ್ಲಿ ತೇಲಿಬಂದು ಉಲಿಯುತ್ತದೆ, ಮೃದಂಗ ಯಾರ ಕೈಯೂ ಸೋಕದೆ ಲಯ ಹಿಡಿಯುತ್ತದೆ. ಕಥೆಗಾರನು ಅಷ್ಟಕ್ಕೇ ಕೈತೊಳೆದುಕೊಂಡು ಮುಂದಿನ ಅಧ್ಯಾಯಕ್ಕೆ ಹೊರಟುಬಿಡುತ್ತಾನೆ. ವೀಣೆ ನುಡಿಸಿದ್ದು ಏನನ್ನು, ಅದನ್ನು ಆರಿಸಿದವರು ಯಾರು ಎಂಬ ಮಾತನ್ನು ಅವನು ಎತ್ತುವುದೇ ಇಲ್ಲ.

ಬರೀ ಸದ್ದು ಹೊರಡಿಸಲು ಮಂತ್ರವೇ ಬೇಕಿಲ್ಲ. ಸಿತಾರಿನ ಮುಖ್ಯ ತಂತಿಗಳ ಕೆಳಗಿರುವ ತರಬ್ ತಂತಿಗಳು ತಮ್ಮ ಸ್ವರವು ಮೇಲಿನ ತಂತಿಯಲ್ಲಿ ಹುಟ್ಟಿದೊಡನೆ ಯಾರೂ ಮುಟ್ಟದೆಯೇ ಅನುರಣಿಸುತ್ತವೆ. ತೊಡಕಿರುವುದು ಸ್ವರವನ್ನು ಬಳುಕಿಸುವ ಗಮಕದಲ್ಲಿ. ವೀಣೆಯ ಮೆಟ್ಟಿಲ ಮೇಲೆ ತಂತಿಯನ್ನು ಎಷ್ಟು ಎಳೆಯಬೇಕು, ಮುಂದಿನ ಸ್ವರವನ್ನು ಮುಟ್ಟಿಯೂ ಮುಟ್ಟದಂತೆ ಎಲ್ಲಿಂದ ಹಿಂದಿರುಗಬೇಕು ಎಂಬುದನ್ನು ಬೆರಳು ವರ್ಷಗಟ್ಟಲೆ ಪೆಟ್ಟು ತಿಂದು ಕಲಿಯುತ್ತದೆ. ನಾಲ್ಕಕ್ಷರದ ಮಂತ್ರದಲ್ಲಿ ಅಷ್ಟೊಂದು ಸಾಧಕವನ್ನು ತುರುಕಿದ ಪುಣ್ಯಾತ್ಮ ಸ್ವತಃ ದೊಡ್ಡ ವೈಣಿಕನೇ ಆಗಿರಬೇಕು.

ಮಂತ್ರ ಬಾರದವರು ಯಂತ್ರವನ್ನು ಹಿಡಿದರು. ಒಂಬತ್ತನೆಯ ಶತಮಾನದಲ್ಲೇ ಬಾಗ್ದಾದಿನ ಬನೂ ಮೂಸಾ ಸಹೋದರರು ತಾನೇ ನುಡಿಯುವ ಕೊಳಲೊಂದನ್ನು ವಿವರಿಸಿದ್ದರು. ಫ್ರೆಂಚ್ ಯಂತ್ರಶಿಲ್ಪಿ ಜಾಕ್ ದ ವೋಕಾನ್ಸನ್ 1738ರಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿದ ಬೊಂಬೆಯಂತೂ ನಿಜವಾದ ಕೊಳಲನ್ನೇ ಊದಿ 12 ಧಾಟಿಗಳನ್ನು ನುಡಿಸುತ್ತಿತ್ತು. ಅದಕ್ಕಾಗಿ ಅವನು ಒಳಗೆ ತಿದಿಗಳನ್ನು ಹೂಡಿ, ತುಟಿ, ನಾಲಿಗೆ, ಬೆರಳುಗಳೆಲ್ಲವೂ ಅಲುಗುವಂತೆ ಮಾಡಬೇಕಾಯಿತು. ಒಂದು ಊದುವಿಕೆಯಲ್ಲಿ ಎಷ್ಟು ಕೆಲಸ ಅಡಗಿದೆಯೆಂಬುದು ಆ ಬೊಂಬೆಯನ್ನು ಬಿಚ್ಚಿದವರಿಗೆ ತಿಳಿದಿರಬೇಕು.

ಮಂತ್ರಕ್ಕೆ ತೀರ ಹತ್ತಿರ ಬಂದದ್ದು 1904ರ ವೆಲ್ಟೆ-ಮಿನ್ಯೋನ್ ಪಿಯಾನೋ. ಕಲಾವಿದನು ಒತ್ತಿದ ಕೀಲಿಗಳ ಜೊತೆಗೆ ನಾದದ ಏರಿಳಿತವನ್ನೂ ಅದು ಕಾಗದದ ಸುರುಳಿಯ ರಂಧ್ರಗಳಲ್ಲಿ ಹಿಡಿದಿಡುತ್ತಿತ್ತು. ಸಂಗೀತ ರಚನಕಾರ ಗುಸ್ತಾವ್ ಮಾಲರ್ 1905ರಲ್ಲಿ ಹೀಗೆ ನುಡಿಸಿಟ್ಟುಹೋದ ಸುರುಳಿಗಳನ್ನು ಇಂದು ತಿರುಗಿಸಿದರೆ, ಎದುರಿನ ಪೀಠದಲ್ಲಿ ಯಾರೂ ಇಲ್ಲದಿದ್ದರೂ ಕೀಲಿಗಳು ಒಂದೊಂದಾಗಿ ಕುಸಿಯುತ್ತವೆ. ನೋಡಿದರೆ ಮೈ ಜುಮ್ಮೆನ್ನುತ್ತದೆ, ನಿಜ; ಆದರೆ ಪಿಯಾನೋ ತಾನಾಗಿ ನುಡಿಯುತ್ತಿದೆ ಎನ್ನಲು ನನಗೆ ಮನಸ್ಸು ಬಾರದು. ನುಡಿಸುತ್ತಿರುವವನು ಮಾಲರನೇ, ಸ್ವಲ್ಪ ತಡವಾಗಿ.

ಹೀಗಾಗಿ ಮಾಂತ್ರಿಕನೊಬ್ಬನು ನಿಜಕ್ಕೂ ಸಿಕ್ಕಿದರೆ ನಾನು ಕೇಳುವ ವರ ಬೇರೆ. ನುಡಿಸುವ ಸುಖವನ್ನು ನುಡಿಸುವವರಿಗೇ ಬಿಟ್ಟು, ಶ್ರುತಿ ಕೂಡಿಸುವ ಜಂಜಾಟವನ್ನಷ್ಟೇ ಮಂತ್ರವು ವಹಿಸಿಕೊಳ್ಳಲಿ. ಹವೆ ಬದಲಾದಂತೆ ತಂತಿ ಸಡಿಲಗೊಂಡು, ಮೃದಂಗದ ಮುಚ್ಚಿಗೆ ಬಿಗಿದು, ಕಛೇರಿಯ ನಟ್ಟನಡುವೆ ತಂತಿಯ ಬಿರಡೆ ತಿರುವುತ್ತ, ಮೃದಂಗದ ಅಂಚನ್ನು ಬಡಿಯುತ್ತ ಕೂರುವ ವಿದ್ವಾಂಸರು ಆ ಮಂತ್ರವನ್ನು ಬೀಜಾಕ್ಷರ ಸಹಿತ ಬಾಯಿಪಾಠ ಮಾಡಿಯಾರು.